ಒಂದು ಹಾಡಿಗೆ ಎಷ್ಟು ಬಿತ್ತು?

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹೊಸ ಸಿ.ಡಿ.ಯ ಪಟ್ಟಿಬೆಲೆ 18.98 ಡಾಲರ್‌ವರೆಗೂ ಏರಿತ್ತು. ಹನ್ನೆರಡು ಹಾಡು ಎಂದಿಟ್ಟುಕೊಂಡರೆ ಹಾಡಿಗೆ 1.58 ಡಾಲರ್. ರೇಡಿಯೊದಲ್ಲಿ ಕೇಳಿದ ಒಂದೇ ಹಾಡಿಗಾಗಿ ಅಂಗಡಿ ಮೆಟ್ಟಿಲು ಹತ್ತಿದವನಿಗೆ ಮಾತ್ರ ಆ ಒಂದಕ್ಕೇ ಪೂರಾ 18.98 ಬಿತ್ತು. ಜಾಹೀರಾತಿನಲ್ಲಿ ಬೆಲೆ ಇಳಿಸಿ ತೋರಿಸದಂತೆ ಐದು ದೊಡ್ಡ ಸಂಗೀತ ಕಂಪನಿಗಳು ಅಂಗಡಿಗಳ ಕೈ ಕಟ್ಟಿದ್ದವು. ಇದರಿಂದ ಗಿರಾಕಿಗಳು ಹೆಚ್ಚಿಗೆ ತೆತ್ತದ್ದು 48 ಕೋಟಿ ಡಾಲರ್‌ವರೆಗೆ ಇರಬಹುದೆಂದು 2000ದಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅಂದಾಜು ಮಾಡಿತು.

2003ರ ಏಪ್ರಿಲ್ 28ರಂದು ಅಂತರ್ಜಾಲದಲ್ಲಿ ಐಟ್ಯೂನ್ಸ್ ಮಳಿಗೆ ತೆರೆಯಿತು. 2 ಲಕ್ಷ ಹಾಡು, ಬಿಡಿಯಾಗಿ ಕೊಂಡರೆ ತಲಾ 99 ಸೆಂಟ್. 2011ರ ಜುಲೈನಲ್ಲಿ, ಕೊಳ್ಳದೆಯೇ ಹಾಡು ಕೇಳಿಸುವ ಸ್ಪಾಟಿಫೈ ಅಮೆರಿಕಕ್ಕೆ ಬಂತು: ಜಾಹೀರಾತಿಲ್ಲದೆ ಫೋನಿನಲ್ಲೂ ಕೇಳಲು ತಿಂಗಳಿಗೆ 9.99 ಡಾಲರ್.

ಈಗ ಲೆಕ್ಕ ಹಾಕೋಣ. ದಿನಕ್ಕೊಂದು ಗಂಟೆ, ಮೂರು ನಿಮಿಷದ 20 ಹಾಡು, ತಿಂಗಳಿಗೆ 600. ಒಂದು ಸಲ ಕೇಳಿದ್ದಕ್ಕೆ 1.67 ಸೆಂಟ್. ಸಿ.ಡಿ. ಇಷ್ಟು ಅಗ್ಗವಾಗಬೇಕಾದರೆ ಅದರ ಪ್ರತಿ ಹಾಡನ್ನೂ 95 ಸಲ ಕೇಳಬೇಕು. 99 ಸೆಂಟಿನದನ್ನು 60 ಸಲ. ಮೆಚ್ಚಿನ ಸಿ.ಡಿ.ಗೆ 95 ದೊಡ್ಡದೇನಲ್ಲ, ಸುಮ್ಮನೆ ಕೊಂಡದ್ದಕ್ಕೆ ಐದೂ ಕಷ್ಟ. ಇನ್ನೊಂದು ಕಡೆಯಿಂದ ನೋಡಿ: 9.99ರ ದರ 2023ರ ಜುಲೈವರೆಗೆ ಹನ್ನೆರಡು ವರ್ಷ ಕದಲಲಿಲ್ಲ. ಅಷ್ಟೂ ಕಾಲ ಕಟ್ಟಿದವನ ಖರ್ಚು ಸುಮಾರು 1,439 ಡಾಲರ್, ಅಂದರೆ 75 ಸಿ.ಡಿ.ಗಳ ಹಣ. ಚಂದಾ ನಿಲ್ಲಿಸಿದ ದಿನ ಕಪಾಟಿನಲ್ಲಿ ಒಂದೂ ಇರುವುದಿಲ್ಲ.

ಕೊಳ್ಳದೆ ಕೇಳುವುದೇನೂ ಅಂತರ್ಜಾಲ ಬಂದ ಮೇಲೆ ಶುರುವಾದದ್ದಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟನ್ನು ಹಾಗೆಯೇ, ಕೊಳ್ಳದೆ, ಕೇಳಿ. ಆಗಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ.

ಇಂದು ಸ್ಪಾಟಿಫೈನಲ್ಲಿ 10 ಕೋಟಿಗೂ ಹೆಚ್ಚು ಹಾಡುಗಳಿವೆ. ತಲಾ ಮೂರು ನಿಮಿಷದಂತೆ ಹಗಲಿರುಳು ಕೇಳಿದರೂ 570 ವರ್ಷ ಬೇಕು. ಬಹಳಷ್ಟನ್ನು ಯಾರೂ ಕೇಳುತ್ತಿಲ್ಲ ಎನ್ನಿ: ಲೂಮಿನೇಟ್ ಸಂಸ್ಥೆ 2023ರಲ್ಲಿ ಎಲ್ಲ ತಾಣಗಳಲ್ಲಿ ಎಣಿಸಿದ 18.4 ಕೋಟಿ ಹಾಡುಗಳಲ್ಲಿ 4.56 ಕೋಟಿಯನ್ನು ವರ್ಷವಿಡೀ ಒಬ್ಬರೂ ಮುಟ್ಟಲಿಲ್ಲ. ಸಾವಿರ ಸಲ ದಾಟದವು 15.86 ಕೋಟಿ. ವರ್ಷಕ್ಕೆ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಸ್ಪಾಟಿಫೈ 2024ರಿಂದ ಗೌರವಧನ ಕೊಡುವುದಿಲ್ಲ. ಅಂಗಡಿಯಲ್ಲಿ ತಪ್ಪು ಆಯ್ಕೆಯ ನಷ್ಟ ಕೊಂಡವನ ಜೇಬಿಗೆ ಬೀಳುತ್ತಿತ್ತು. ಈಗ ಹಾಡಿದವನ ಜೇಬಿಗೆ.

ಅಂಗಡಿಗಳಿಗೆ ಜನ ಮರಳಿದ್ದಾರೆ, ಆದರೆ ಸಿ.ಡಿ.ಗಾಗಿ ಅಲ್ಲ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ಎಲ್.ಪಿ., 3.3 ಕೋಟಿ ಸಿ.ಡಿ. ಮಾರಾಟವಾದವು; 1987ರ ನಂತರ ಎಲ್.ಪಿ. ಮುಂದೆ ಬಂದದ್ದು ಅದೇ ಮೊದಲು. ಮರುವರ್ಷದ ಎಲ್.ಪಿ. ಮಾರಾಟದ ಸರಾಸರಿ ತೆಗೆದರೆ ಒಂದಕ್ಕೆ 30 ಡಾಲರ್ ಮೀರುತ್ತದೆ. ಹತ್ತು ಹಾಡಿದ್ದರೆ 9.99ರ ಚಂದಾದ ದರಕ್ಕೆ ಇಳಿಯಲು ಪ್ರತಿಯೊಂದನ್ನೂ 180 ಸಲ ತಿರುಗಿಸಬೇಕು. ಅಂದಹಾಗೆ, ಎಲ್.ಪಿ. ಕೊಂಡವರಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ತಿರುಗಿಸುವ ಯಂತ್ರವೇ ಇಲ್ಲ ಎಂದು ಅದೇ ಲೂಮಿನೇಟ್ ಹೇಳುತ್ತದೆ.