ಹಳೆಯ ವಾಹನಗಳಲ್ಲಿ ಬಿಟ್ಟು ಬಿಟ್ಟು ಕಾಣುವ ವಿದ್ಯುತ್ ದೋಷ – ಪತ್ತೆ ಮಾಡುವ ಬಗೆ

ಕೊಳೆರೋಗ, ಕಾಂಡಕೊರಕಗಳ ವಿಚಾರವಾಗಿ ಈ ಪತ್ರಿಕೆಯಲ್ಲಿ ಸಾಕಷ್ಟು ಬರೆದಾಗಿದೆ. ಈ ಸಲ ತೋಟದ ಶೆಡ್ಡಿನಲ್ಲಿ ನಿಂತಿರುವ ಹಳೆಯ ಜೀಪು, ಅಂಬಾಸಿಡರ್‌ಗಳ ಒಂದು ಕಾಯಿಲೆಯ ಬಗ್ಗೆ ಸದಸ್ಯ ಬಂಧುಗಳಲ್ಲಿ ಕೆಲವು ಮಾತು. ಅಂಬಾಸಿಡರ್ ತಯಾರಿಕೆ ೨೦೧೪ರಲ್ಲೇ ನಿಂತುಹೋಯಿತು. ಆದರೂ ನಮ್ಮ ಕಡೆ ಇಂಥ ವಾಹನಗಳು ಗೊಬ್ಬರ, ಕೊನೆ, ಚೆರ್ರಿ ಮೂಟೆಗಳನ್ನು ಹೊತ್ತು ಇನ್ನೂ ಓಡುತ್ತಿವೆ. ಆಸ್ಪತ್ರೆಗೆ ಹತ್ತಾರು ಮೈಲಿ ಇರುವ ಮನೆಗಳಲ್ಲಿ ಮಳೆಗಾಲದ ರಾತ್ರಿ ನೆಚ್ಚಬೇಕಾದದ್ದೂ ಇವನ್ನೇ.

ಪೂರ್ತಿ ಕೆಟ್ಟ ವಾಹನವನ್ನು ರಿಪೇರಿ ಮಾಡುವುದು ಸುಲಭ. ಬೆಳಿಗ್ಗೆ ಸರಿಯಾಗಿದ್ದು, ಮಧ್ಯಾಹ್ನ ಸತ್ತು, ಮೆಕ್ಯಾನಿಕ್ ಬರುವ ಹೊತ್ತಿಗೆ ಮತ್ತೆ ಜೀವ ಬರುವ ವಾಹನದ್ದೇ ಕಷ್ಟ. ದೋಷ ಕಣ್ಣಿಗೆ ಬೀಳದಿದ್ದಾಗ ಮೆಕ್ಯಾನಿಕ್ ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ, ಅವನಿಗೆ ನಾವು ಹೇಳುವ ವಿವರವೂ ‘ಆಗಾಗ ನಿಂತುಹೋಗುತ್ತದೆ’ ಎಂಬಷ್ಟೇ.

ಆದ್ದರಿಂದ ಮೊದಲ ಸಲಕರಣೆ ಒಂದು ನೋಟ್‌ಬುಕ್. ವಾಹನ ಕೈಕೊಟ್ಟಾಗ ಮಳೆಯಿತ್ತೇ, ಎಂಜಿನ್ ಕಾದಿತ್ತೇ, ಗುಂಡಿಯಲ್ಲಿ ಕುಲುಕಿತ್ತೇ, ದೀಪ ಹಾಕಿದ ಕೂಡಲೇ ಆಯಿತೇ ಎಂಬುದನ್ನು ಬರೆದಿಡಿ. ನಿಂತ ಆ ಕ್ಷಣದಲ್ಲೇ ಹಾರನ್ ಒತ್ತಿ, ಹೆಡ್‌ಲೈಟ್ ಹಾಕಿ ನೋಡಿ. ಎಲ್ಲವೂ ಸತ್ತಿದ್ದರೆ ದೋಷ ಬ್ಯಾಟರಿ ಟರ್ಮಿನಲ್, ಅರ್ತ್ ಅಥವಾ ಬ್ಯಾಟರಿಯಿಂದ ಹೊರಡುವ ಮುಖ್ಯ ವಯರಿನಲ್ಲಿದೆ. ಹಾರನ್, ದೀಪ ಸರಿಯಿದ್ದು ಎಂಜಿನ್ ಮಾತ್ರ ನಿಂತಿದ್ದರೆ ಕಾಯಿಲ್, ಡಿಸ್ಟ್ರಿಬ್ಯೂಟರ್ ಕಡೆ, ಇಲ್ಲವೇ ಪೆಟ್ರೋಲ್ ಕಡೆ ನೋಡಬೇಕು. ಒಂದೇ ದೀಪ ಮಿಣುಕುತ್ತಿದ್ದರೆ ಆ ದೀಪದ ಫ್ಯೂಸು, ಸ್ವಿಚ್ಚು, ಅರ್ತ್ ಮಾತ್ರ. ಇಷ್ಟರಿಂದಲೇ ಹುಡುಕುವ ಜಾಗ ಎಷ್ಟೋ ಕಡಿಮೆಯಾಗುತ್ತದೆ.

ಬ್ಯಾಟರಿಯ ವಿಷಯ ಬೇಗ ಮುಗಿಸೋಣ. ರಾತ್ರಿಯಿಡೀ ನಿಂತ ೧೨ ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಮೀಟರಿನಲ್ಲಿ ಸುಮಾರು ೧೨.೬ ತೋರಿಸುತ್ತದೆ. ಎಂಜಿನ್ ಸ್ವಲ್ಪ ವೇಗವಾಗಿ ಓಡುತ್ತಿರುವಾಗ ೧೪ರ ಆಸುಪಾಸು ಬರಬೇಕು. ಬಾರದಿದ್ದರೆ ಡೈನಮೋ, ಕಟ್‌ಔಟ್, ಬೆಲ್ಟ್ ನೋಡಿಸಿ. ಹೈಡ್ರೋಮೀಟರಿನಲ್ಲಿ ಆರು ಸೆಲ್ಲುಗಳ ಪೈಕಿ ಒಂದು ಮಿಕ್ಕವುಗಳಿಗಿಂತ ೦.೦೫೦ರಷ್ಟು ಕೆಳಗಿದ್ದರೆ ಆ ಬ್ಯಾಟರಿಯನ್ನು ನಂಬುವಂತಿಲ್ಲ.

ಇನ್ನು ಅರ್ತ್. ಬಿಟ್ಟು ಬಿಟ್ಟು ಬರುವ ದೋಷಗಳಲ್ಲಿ ಬಹುಪಾಲಿಗೆ ಇದೇ ಮೂಲವೆಂದು ನನ್ನ ಅಭಿಪ್ರಾಯ. ದೀಪಕ್ಕಾಗಲಿ ಸೆಲ್ಫಿಗಾಗಲಿ ಹೋದ ಕರೆಂಟು ವಾಹನದ ಲೋಹದ ಮೈಯ ಮೂಲಕವೇ ಬ್ಯಾಟರಿಗೆ ಹಿಂತಿರುಗಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಎಂಜಿನ್ನಿಗೂ ಮೈಗೂ ಹೆಣೆದ ತಾಮ್ರದ ಪಟ್ಟಿಯೊಂದನ್ನು ಹಾಕಿರುತ್ತಾರೆ. ಇದು ಕಿಲುಬು ಹಿಡಿದು ಎಳೆ ಎಳೆಯಾಗಿ ತುಂಡಾಗುತ್ತದೆ. ನಮ್ಮ ಸದಸ್ಯರೊಬ್ಬರ ಪೆಟ್ರೋಲ್ ಜೀಪಿಗೆ ಒಂದೇ ವರ್ಷದಲ್ಲಿ ಹೊಸ ಬ್ಯಾಟರಿ, ಹೊಸ ಕಾಯಿಲ್ ಹಾಕಿಸಿ, ಡೈನಮೋ ಬಿಚ್ಚಿಸಿ ಆಗಿತ್ತು. ಸೆಲ್ಫ್ ಮಾತ್ರ ಒಮ್ಮೆ ತಿರುಗಿದರೆ ಒಮ್ಮೆ ಇಲ್ಲ. ಕೊನೆಗೆ ಚೋಕ್ ಕೇಬಲ್ ಮುಟ್ಟಲಾಗದಷ್ಟು ಬಿಸಿಯಾಗುವುದನ್ನು ಗಮನಿಸಿದವರು ಅವರ ಮನೆಯವರು. ಪಟ್ಟಿ ತುಂಡಾಗಿ, ಸೆಲ್ಫಿನ ಕರೆಂಟೆಲ್ಲ ಆ ತೆಳ್ಳನೆಯ ಕೇಬಲ್ ಮೂಲಕ ಹರಿಯುತ್ತಿತ್ತು! ಪಟ್ಟಿಗೆ ತಗಲಿದ ಖರ್ಚು ಬ್ಯಾಟರಿಯ ಮುಂದೆ ಲೆಕ್ಕಕ್ಕಿಲ್ಲ.

ನಮ್ಮ ವಾಹನಗಳಿಗೆ ಅರ್ತ್ ದೋಷ ಹೆಚ್ಚಾಗಲು ಮಳೆಯೊಂದೇ ಕಾರಣವಲ್ಲ. ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ಚಾಕು ಅದ್ದಿ ನೋಡುವುದು ಎಲ್ಲರಿಗೂ ಗೊತ್ತು. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ಲೇಪ ಕೂರುತ್ತದೆ. ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗುತ್ತದೆ. ಜೀಪಿನ ನೆಲದ ಮೇಲೆ ಮೈಲುತುತ್ತು ಚೆಲ್ಲಿ ನೀರು ಸೇರಿದರೆ ಅಲ್ಲಿನ ಬೋಲ್ಟುಗಳಿಗೂ ಇದೇ ಗತಿ. ಪೊಟ್ಯಾಷ್ ಗೊಬ್ಬರವೂ ತೇವ ಎಳೆದು ತುಕ್ಕು ಹಿಡಿಸುತ್ತದೆ. ಇಂಥ ಮೂಟೆ ಸಾಗಿಸಿದ ದಿನ ನೆಲವನ್ನು ತೊಳೆದು ಒಣಗಿಸತಕ್ಕದ್ದು.

ಅರ್ತ್ ಪರೀಕ್ಷೆಯಲ್ಲಿ ಮೀಟರು ಮೋಸ ಮಾಡುವುದುಂಟು. ಹೂವಿನ ನೀರಿಗೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಬೇಗ ಅರ್ಥವಾದೀತು. ವಾಲ್ವ್ ಮುಚ್ಚಿದ್ದರೆ ಪೈಪಿನೊಳಗೆ ಕಸ ಕಟ್ಟಿದ್ದರೂ ಗೇಜು ಪೂರ್ತಿ ಒತ್ತಡ ತೋರಿಸುತ್ತದೆ. ಜೆಟ್ ತಿರುಗತೊಡಗಿದಾಗಲೇ ಬಣ್ಣ ಬಯಲು. ಹಾಗೆಯೇ ಒಂದೇ ಎಳೆಯಲ್ಲಿ ನಿಂತಿರುವ ವಯರೂ ಕರೆಂಟು ಹರಿಯದಿದ್ದಾಗ ೧೨ ವೋಲ್ಟ್ ತೋರಿಸುತ್ತದೆ. ಸೆಲ್ಫ್ ಸುಮಾರು ೧೫೦ ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರನೇ ಒಂದು ಪಾಲು ತಡೆಯೂ ಒಂದೂವರೆ ವೋಲ್ಟ್ ನುಂಗುತ್ತದೆ. ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲಿಗೆ ಬರುವ ಸಣ್ಣ ವಯರನ್ನು ಬಿಚ್ಚಿ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ತ್ ಕಡೆಯ ಸೀಸದ ಗೂಟಕ್ಕೆ, ಇನ್ನೊಂದನ್ನು ಎಂಜಿನ್ನಿನ ಉಜ್ಜಿದ ಲೋಹಕ್ಕೆ ಹಿಡಿದು, ಸೆಲ್ಫ್ ಹೊಡೆಯಲು ಇನ್ನೊಬ್ಬರಿಗೆ ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ಹಾದಿಯಲ್ಲೇ ದೋಷವಿದೆ. ಹಳೆಯ ಬ್ರಿಟಿಷ್ ಮಾದರಿಯ ಕೆಲವು ಕಾರುಗಳಲ್ಲಿ ಪಾಸಿಟಿವ್ ಕಡೆಯೇ ಅರ್ತ್ ಆಗಿರುತ್ತದೆ, ಮೊದಲು ನೋಡಿಕೊಳ್ಳಿ.

ದೀಪ, ಹಾರನ್ ಸರಿಯಿದ್ದು ಕಾದಾಗ ಮಾತ್ರ ನಿಲ್ಲುವ ಪೆಟ್ರೋಲ್ ಗಾಡಿಯಲ್ಲಿ ನಿಂತ ಸ್ಥಳದಲ್ಲೇ ಕಿಡಿ ನೋಡಬೇಕು. ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ವಯರನ್ನು ಕಿತ್ತು, ಒಣ ಮರದ ಚಿಮಟದಿಂದ ಎಂಜಿನ್ ಲೋಹಕ್ಕೆ ಕಾಲಂಗುಲ ದೂರ ಹಿಡಿದು ಸೆಲ್ಫ್ ಹೊಡೆಸಿ. ಪೆಟ್ರೋಲ್ ಸೋರಿಕೆಯಿದ್ದರೆ ಈ ಪರೀಕ್ಷೆ ಬೇಡ. ಕಿಡಿ ಬಲವಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಕಿಡಿಯಿಲ್ಲದೆ, ಅರ್ಧ ಗಂಟೆ ಆರಿದ ಮೇಲೆ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್. ಕಂಡೆನ್ಸರ್ ಅಗ್ಗ, ಮೊದಲು ಅದನ್ನೇ ಬದಲಿಸಿ.

ಅದಕ್ಕೂ ಮೊದಲು ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವಯರನ್ನು ಮೆಲ್ಲನೆ ಎಳೆದು ನೋಡಿ. ಪಾಯಿಂಟ್ ಕೂತ ತಟ್ಟೆ ಆಚೀಚೆ ತಿರುಗುವುದರಿಂದ ವಯರಿನ ತಾಮ್ರ ಒಳಗೇ ತುಂಡಾಗಿ, ಹೊದಿಕೆ ಮಾತ್ರ ಉಳಿದಿರುತ್ತದೆ. ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಕಳ್ಳ ಸಿಕ್ಕಂತೆ. ಮುಚ್ಚಳದ ಒಳಗೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆಯಿದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಬೇಕು. ಹಳೆಯ ಡೀಸೆಲ್ ಜೀಪುಗಳಿಗೆ ಕಾಯಿಲ್ ಇಲ್ಲದ ಕಾರಣ ಇದು ಅನ್ವಯಿಸದು.

ಮಿಕ್ಕದ್ದು ತಾಳ್ಮೆಯ ಕೆಲಸ. ಎಂಜಿನ್ ಓಡುತ್ತಿರುವಾಗ ವಯರ್ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಿ. ಫ್ಯಾನಿನಿಂದ ಕೈ ದೂರವಿರಲಿ. ಅಲುಗಿಸಿದಾಗ ಎಲ್ಲಿ ತಡವರಿಸಿತೋ ಅಲ್ಲಿ ಬಿಚ್ಚಿ. ಡ್ಯಾಶ್‌ಬೋರ್ಡಿನ ಹಿಂದೆ ಇಲಿ ಕಡಿದಿರುವುದೂ ಅಪರೂಪವಲ್ಲ. ಜಾಯಿಂಟುಗಳನ್ನು ಉಜ್ಜುಕಾಗದದಿಂದ ಉಜ್ಜಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಬ್ಯಾಟರಿ ಬಿಚ್ಚುವಾಗ ಅರ್ತ್ ಟರ್ಮಿನಲ್ ಮೊದಲು ತೆಗೆದು ಕೊನೆಗೆ ಹಾಕಿ, ಬೀಡಿ ದೂರವಿರಲಿ. ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರು ಈಗಲೂ ಇದ್ದಾರೆ. ಅದು ಗಾಡಿಗೆ ಬೆಂಕಿ ಹಚ್ಚುವ ದಾರಿ. ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ಚಾರ್ಜ್ ನೋಡುವ ಅಭ್ಯಾಸವೂ ಬೇಡ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಡಯೋಡುಗಳು ಸುಟ್ಟುಹೋಗುತ್ತವೆ.

ಸಂಘದ ಕಛೇರಿಯಲ್ಲಿ ಒಂದು ಮೀಟರ್, ಒಂದು ಹೈಡ್ರೋಮೀಟರ್ ಇರಿಸಲಾಗಿದೆ. ಅಗತ್ಯವುಳ್ಳ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಮೂರು ದಿನಗಳ ಮಟ್ಟಿಗೆ ಒಯ್ಯಬಹುದು. ಹೈಡ್ರೋಮೀಟರನ್ನು ನೀರಿನಲ್ಲಿ ತೊಳೆದು ಹಿಂತಿರುಗಿಸಲು ಕೋರಿಕೆ.

– ಕಾರ್ಯದರ್ಶಿ