ಕಲ್ಲಿನ ಧೂಳು ಮತ್ತು ಕುಟುಂಬದ ಆರೋಗ್ಯ

ಹೊಲದ ಕೆಲಸಕ್ಕೆ ಬಿಡುವು ದೊರೆಯುವ ತಿಂಗಳುಗಳಲ್ಲಿ ನಮ್ಮ ಗ್ರಾಮಗಳ ಅನೇಕ ಪುರುಷರು ಕೂಲಿಯನ್ನರಸಿ ಕಲ್ಲುಗಣಿಗಳಿಗೂ ಜಲ್ಲಿ ಕ್ರಷರುಗಳಿಗೂ ಹೋಗುತ್ತಾರೆ. ಕೆಲವೆಡೆ ದಂಪತಿಗಳಿಬ್ಬರೂ ಒಟ್ಟಿಗೆ ಹೋಗುವುದುಂಟು. ಪತಿಯು ಬಂಡೆಗೆ ಕುಳಿ ಕೊರೆದರೆ ಪತ್ನಿಯು ಜಲ್ಲಿಯನ್ನು ಬುಟ್ಟಿಯಲ್ಲಿ ತುಂಬಿ ಹೊರುತ್ತಾಳೆ. ಹಸುಗೂಸು ಅಲ್ಲಿಯೇ ಮರದ ಕೆಳಗಿನ ಸೀರೆಯ ತೊಟ್ಟಿಲಿನಲ್ಲಿ ಮಲಗಿರುತ್ತದೆ. ಹೊಲದ ಕೂಲಿಗಿಂತ ಈ ಕೂಲಿ ಸಾಮಾನ್ಯವಾಗಿ ಹೆಚ್ಚು; ಮನೆಯ ಸಾಲ ತೀರಿಸಲು, ಮಕ್ಕಳ ವಿದ್ಯಾಭ್ಯಾಸಕ್ಕೆ ಅದರಿಂದ ನೆರವಾಗುತ್ತದೆ. ಈ ಕೆಲಸವನ್ನು ಮಾಡಬಾರದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಕೂಲಿಯ ಹಣದೊಂದಿಗೆ ಇನ್ನೊಂದು ವಸ್ತುವೂ ಮನೆಗೆ ಬರುತ್ತದೆ ಎಂಬುದನ್ನು ಪತಿಪತ್ನಿಯರು ತಿಳಿದಿರುವುದು ಅವಶ್ಯಕ. ಅದು ಕಲ್ಲಿನ ಧೂಳು.

ಕಲ್ಲುಗಣಿಯ ಅಪಾಯಗಳೆಂದರೆ ಸಿಡಿಮದ್ದು, ಜಾರುವ ಬಂಡೆ, ಯಂತ್ರದ ಪಟ್ಟಿಗೆ ಸಿಕ್ಕ ಕೈ, ಇಷ್ಟೇ ಎಂದು ಜನರು ಎಣಿಸುತ್ತಾರೆ. ಇವು ಕಣ್ಣಿಗೆ ಕಾಣುವಂತಹವು. ಗಾಯವಾದ ದಿನವೇ ಊರಿಗೆಲ್ಲ ತಿಳಿಯುತ್ತದೆ. ಧೂಳಿನಿಂದಾಗುವ ಹಾನಿ ಹಾಗಲ್ಲ. ಅದು ಹತ್ತು ಹದಿನೈದು ವರ್ಷಗಳ ಕಾಲ ಯಾವ ನೋವನ್ನೂ ಕೊಡದೆ ಎದೆಯೊಳಗೆ ಬೆಳೆದು, ಮನುಷ್ಯನು ದುಡಿದು ಸಂಸಾರ ಸಾಗಿಸಬೇಕಾದ ವಯಸ್ಸಿನಲ್ಲಿಯೇ ಅವನನ್ನು ನಿಶ್ಶಕ್ತನನ್ನಾಗಿ ಮಾಡುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು.

ಬಂಡೆಗಳಲ್ಲಿ ಸಿಲಿಕ ಎಂಬ ಖನಿಜವಿರುತ್ತದೆ. ಬೆಣಚುಕಲ್ಲು ಎಂದು ನಾವು ಕರೆಯುವುದು ಬಹುಮಟ್ಟಿಗೆ ಇದೇ. ಎಲ್ಲ ಕಲ್ಲುಗಳಲ್ಲಿಯೂ ಇದರ ಪ್ರಮಾಣ ಒಂದೇ ಸಮನಾಗಿರುವುದಿಲ್ಲ. ಇಳಕಲ್ಲಿನ ಕೆಂಪು ಕಲ್ಲಿನಂತಹ ಗ್ರಾನೈಟಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಬೆಣಚು ಇರುವುದು ಸಾಮಾನ್ಯ. ಬಾದಾಮಿಯ ಗುಡ್ಡಗಳ ಮರಳುಗಲ್ಲಿನಲ್ಲಿ ಬಹುಪಾಲು ಅದೇ. ಶಹಾಬಾದಿನ ಹಾಸುಗಲ್ಲು ಸುಣ್ಣದ ಕಲ್ಲಾದುದರಿಂದ ಅದರಲ್ಲಿ ಸಿಲಿಕ ಕಡಿಮೆ. ಹೀಗೆ ಕಲ್ಲಿನಿಂದ ಕಲ್ಲಿಗೆ ಅಪಾಯದಲ್ಲಿ ವ್ಯತ್ಯಾಸವುಂಟು. ಆದರೂ ತಾನು ಒಡೆಯುತ್ತಿರುವ ಕಲ್ಲಿನಲ್ಲಿ ಏನಿದೆ ಎಂದು ನೋಡಿ ಹೇಳಲು ಕೂಲಿಗಾರನಿಗೆ ಸಾಧ್ಯವಿಲ್ಲದ ಕಾರಣ ಎಲ್ಲ ಕಲ್ಲಿನ ಧೂಳನ್ನೂ ಹಾನಿಕರವೆಂದೇ ಭಾವಿಸತಕ್ಕದ್ದು.

ಕಣ್ಣಿಗೆ ಕಾಣುವ ದಪ್ಪ ಧೂಳು ಅಷ್ಟು ಕೆಟ್ಟದ್ದಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅದನ್ನು ಮೂಗಿನ ಕೂದಲೂ ಗಂಟಲಿನ ಲೋಳೆಯೂ ತಡೆಯುತ್ತವೆ. ಸೀನು, ಕೆಮ್ಮು, ಕಫಗಳ ಮೂಲಕ ಅದು ಹೊರಬೀಳುತ್ತದೆ. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಭಾಗಕ್ಕಿಂತಲೂ ಸೂಕ್ಷ್ಮವಾದ ಕಣಗಳೇ ನಿಜವಾದ ಶತ್ರುಗಳು. ಯಂತ್ರವು ನಿಂತು ಗಾಳಿ ತಿಳಿಯಾಯಿತೆಂದು ನಾವು ತಿಳಿದ ಮೇಲೂ ಅವು ಬಹಳ ಹೊತ್ತು ತೇಲುತ್ತಿದ್ದು, ಉಸಿರಿನೊಂದಿಗೆ ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳನ್ನು ಸೇರುತ್ತವೆ. ಅಲ್ಲಿ ದೇಹದ ಕಾವಲು ಜೀವಕೋಶಗಳಿವೆ. ಅವು ಕಣವನ್ನು ನುಂಗುತ್ತವೆ, ಆದರೆ ಕಲ್ಲನ್ನು ಜೀರ್ಣಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಸತ್ತ ಕೋಶದಿಂದ ಹೊರಬಿದ್ದ ಅದೇ ಕಣವನ್ನು ಮತ್ತೊಂದು ಕೋಶವು ನುಂಗಿ ಅದೂ ಸಾಯುತ್ತದೆ. ಹೀಗೆ ಮತ್ತೆ ಮತ್ತೆ ನಡೆದು ಆ ಸ್ಥಳದಲ್ಲಿ ಗಾಯದ ಕಲೆಯಂತಹ ಗಟ್ಟಿ ಗಂಟುಗಳು ಉಂಟಾಗುತ್ತವೆ. ಸ್ಪಂಜಿನಂತೆ ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶವು ಬರಬರುತ್ತ ಬಿಗಿಯಾಗುತ್ತದೆ. ಕೆಲಸವನ್ನು ಬಿಟ್ಟ ಅನಂತರವೂ ಈ ಕ್ರಿಯೆಯು ಕೆಲವರಲ್ಲಿ ಮುಂದುವರಿಯುವುದುಂಟು. ಹೀಗೆ ಕಟ್ಟಿದ ಗಂಟುಗಳನ್ನು ಕರಗಿಸುವ ಔಷಧವು ಈವರೆಗೆ ದೊರೆತಿಲ್ಲ.

ಕರ್ನಾಟಕಕ್ಕೆ ಈ ರೋಗ ಹೊಸದಲ್ಲ. ಭಾರತದಲ್ಲಿ ಇದರ ವಿಷಯವು ಮೊದಲು ವೈದ್ಯರ ಗಮನಕ್ಕೆ ಬಂದುದೇ ಕೋಲಾರದ ಚಿನ್ನದ ಗಣಿಗಳಲ್ಲಿ. ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಗಳಲ್ಲಿ ಬೆಣಚುಕಲ್ಲಿನ ಪದರಗಳಲ್ಲಿಯೇ ಚಿನ್ನವಿತ್ತು. ಚಿನ್ನ ಬೇಕೆಂದರೆ ಬೆಣಚನ್ನು ಕೊರೆಯಲೇಬೇಕಾಗಿತ್ತು. 1940ರ ದಶಕದಲ್ಲಿ ಅಲ್ಲಿ ನಡೆದ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿದ ಗಣಿಗಾರರಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಗಣಿಗಳು 2001ರಲ್ಲಿ ಮುಚ್ಚಿದವು. ಗುಜರಾತಿನ ಖಂಭಾತಿನಲ್ಲಿ ಅಕೀಕು ಕಲ್ಲನ್ನು ಉಜ್ಜಿ ಮಣಿ ಮಾಡುವ ಕೆಲಸವು ಮನೆಗಳಲ್ಲಿಯೇ ನಡೆಯುವುದರಿಂದ, ಉಜ್ಜುವ ಕಲ್ಲನ್ನು ಒಮ್ಮೆಯೂ ಮುಟ್ಟದ ನೆರೆಹೊರೆಯವರಲ್ಲಿಯೂ ರೋಗವು ಕಾಣಿಸಿಕೊಂಡಿತು. ಧೂಳಿಗೆ ಕೆಲಸಗಾರನೂ ಒಂದೇ, ಅವನ ಮನೆಯವರೂ ಒಂದೇ.

ರೋಗವು ಕಾಣಿಸಿಕೊಳ್ಳಲು ತಗಲುವ ಕಾಲವು ಧೂಳಿನ ಪ್ರಮಾಣವನ್ನು ಅವಲಂಬಿಸಿದೆ. ಸಾಧಾರಣ ಧೂಳಿನಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಬಹುದು. ಹೆಚ್ಚು ಧೂಳಿದ್ದರೆ ಐದರಿಂದ ಹತ್ತು ವರ್ಷಗಳು. ಬೆಣಚುಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡುವ ಕಾರ್ಖಾನೆಗಳಲ್ಲಿ ಮತ್ತು ಮರಳನ್ನು ರಭಸದಿಂದ ಸಿಡಿಸಿ ಲೋಹವನ್ನು ಶುದ್ಧಿಮಾಡುವ ಕಡೆಗಳಲ್ಲಿ ಕೆಲವೇ ತಿಂಗಳುಗಳಿಂದ ಒಂದೆರಡು ವರ್ಷಗಳೊಳಗೆ ಪ್ರಾಣಾಪಾಯವಾಗಿರುವುದುಂಟು. ಮೊದಲ ಚಿಹ್ನೆ ಒಣಕೆಮ್ಮು. ಬಳಿಕ ಏರು ಹತ್ತುವಾಗ, ನೀರು ಸೇದುವಾಗ, ಮೂಟೆ ಎತ್ತುವಾಗ ಏದುಸಿರು. ಮೈ ಇಳಿಯುತ್ತದೆ. ಕೊನೆಗೆ ಕುಳಿತಲ್ಲಿಯೇ ಉಸಿರಾಟ ಕಷ್ಟವಾಗುತ್ತದೆ. ಪತಿಯು ಇದನ್ನೆಲ್ಲ “ವಯಸ್ಸಾಯಿತು”, “ಬೀಡಿ ಹೆಚ್ಚಾಯಿತು” ಎಂದು ತಳ್ಳಿಹಾಕುವುದೇ ವಾಡಿಕೆ. ಜೊತೆಯಲ್ಲಿರುವ ಪತ್ನಿಗೇ ಮೊದಲು ವ್ಯತ್ಯಾಸ ಗೊತ್ತಾಗುತ್ತದೆ. ಆದುದರಿಂದ ಆಸ್ಪತ್ರೆಗೆ ಹೋಗೋಣವೆಂದು ಆಕೆ ಹೇಳಿದಾಗ ಆ ಮಾತನ್ನು ಅಲಕ್ಷಿಸಬಾರದು.

ಕ್ಷಯರೋಗಕ್ಕೂ ಇದಕ್ಕೂ ಇರುವ ಸಂಬಂಧವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಎರಡರಲ್ಲಿಯೂ ಕೆಮ್ಮು, ಕೃಶತೆ, ಆಯಾಸ ಇರುತ್ತವೆ. ಎಕ್ಸ್-ರೇ ಚಿತ್ರದಲ್ಲಿಯೂ ಎರಡೂ ಒಂದನ್ನೊಂದು ಹೋಲುವುದುಂಟು. ಇದರಿಂದಾಗಿ ಸಿಲಿಕೋಸಿಸ್ ಇರುವ ವ್ಯಕ್ತಿಯು ಕ್ಷಯದ ಔಷಧವನ್ನು ಮತ್ತೆ ಮತ್ತೆ ಸೇವಿಸಿಯೂ ಗುಣ ಕಾಣದೆ ಹೋಗಬಹುದು. ಇದಕ್ಕೆ ವಿರುದ್ಧವಾದುದೂ ನಿಜ: ಸಿಲಿಕದಿಂದ ಹಾಳಾದ ಶ್ವಾಸಕೋಶದಲ್ಲಿ ಕ್ಷಯದ ರೋಗಾಣುಗಳು ಸುಲಭವಾಗಿ ನೆಲೆಗೊಳ್ಳುತ್ತವೆ, ಎರಡು ರೋಗಗಳೂ ಒಬ್ಬನಲ್ಲಿಯೇ ಸೇರಬಹುದು. ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಕ್ಷಯವು ಹರಡುತ್ತದೆ. ಎರಡು ವಾರಗಳಿಗೂ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಬೇಕು. ಆಗ “ನಾನು ಇಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೇನೆ” ಎಂಬ ಮಾತನ್ನು ವೈದ್ಯರಿಗೆ ತಾನಾಗಿಯೇ ಹೇಳತಕ್ಕದ್ದು. ಈ ಒಂದು ಮಾತಿನಿಂದ ವೈದ್ಯರ ವಿಚಾರವೇ ಬೇರೆ ದಾರಿ ಹಿಡಿಯಬಹುದು. ಕ್ಷಯವೆಂದು ಖಚಿತವಾದರೆ ಔಷಧವು ಉಚಿತ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ, ಸಿಲಿಕೋಸಿಸ್ ಕೂಡ ಇದ್ದವರಿಗೆ ವೈದ್ಯರು ಅವಧಿಯನ್ನು ಹೆಚ್ಚಿಸಬಹುದು. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಮನೆಯಲ್ಲಿರುವ ಮಕ್ಕಳನ್ನೂ ವೃದ್ಧರನ್ನೂ ಪರೀಕ್ಷೆ ಮಾಡಿಸಬೇಕು. ಹುಟ್ಟಿದ ಶಿಶುವಿಗೆ ಬಿ.ಸಿ.ಜಿ. ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಬೆಲ್ಲದ ವಿಷಯವಾಗಿ ಒಂದು ಮಾತು. ಬೆಲ್ಲ ತಿಂದರೆ ಎದೆಯ ಧೂಳು ಇಳಿದುಹೋಗುತ್ತದೆಂಬ ನಂಬಿಕೆ ಅನೇಕ ಕಡೆ ಇದೆ. ಕೆಲವೆಡೆ ಸಂಜೆ ಕೂಲಿಗಾರರಿಗೆ ಬೆಲ್ಲವನ್ನು ಹಂಚುವುದೂ ಉಂಟು. ಬೆಲ್ಲ ತಿನ್ನಬಾರದೆಂದು ನಾವು ಹೇಳುವುದಿಲ್ಲ. ಆದರೆ ಬೆಲ್ಲ ಹೋಗುವುದು ಅನ್ನನಾಳದ ಮೂಲಕ ಹೊಟ್ಟೆಗೆ, ಧೂಳು ಹೋಗುವುದು ಶ್ವಾಸನಾಳದ ಮೂಲಕ ಶ್ವಾಸಕೋಶಕ್ಕೆ. ಇವೆರಡೂ ಎಲ್ಲಿಯೂ ಸಂಧಿಸುವುದಿಲ್ಲ. ಬಾಳೆಹಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ. ಸಾರಾಯಿಯಂತೂ ಧೂಳನ್ನು ತೆಗೆಯುವ ಬದಲು ಕೂಲಿಯನ್ನು ತೆಗೆಯುತ್ತದೆ. ಬೆಲ್ಲಕ್ಕೆ ಕೊಡುವ ಹಣವನ್ನು ನೀರಿನ ಕೊಳವೆಗೆ ಕೊಟ್ಟಿದ್ದರೆ ಎಷ್ಟೋ ಎದೆಗಳು ಉಳಿಯುತ್ತಿದ್ದವು ಎಂಬುದು ಈ ಲೇಖಕನ ಅಭಿಪ್ರಾಯ.

ಏಕೆಂದರೆ ಧೂಳಿಗೆ ನಿಜವಾದ ಔಷಧವು ನೀರು. ಒದ್ದೆಯಾದ ಕಲ್ಲಿನಿಂದ ಧೂಳು ಮೇಲೇಳುವುದಿಲ್ಲ. ಕುಳಿ ಕೊರೆಯುವಾಗ ಡ್ರಿಲ್ಲಿನ ತುದಿಗೆ ನೀರು ಹರಿಯುವಂತೆ ಮಾಡಿದರೆ ಹುಡಿಯು ಕೆಸರಾಗಿ ಹೊರಬರುತ್ತದೆ. ಕ್ರಷರಿನ ಬಾಯಿಯಲ್ಲಿಯೂ, ಜಲ್ಲಿ ಬೀಳುವ ಸ್ಥಳದಲ್ಲಿಯೂ, ಜರಡಿಯ ಮೇಲೂ ನೀರನ್ನು ಸಿಂಪಡಿಸಬೇಕು. ಪಟ್ಟಿ ಮತ್ತು ಜರಡಿಗಳನ್ನು ತಗಡಿನಿಂದ ಮುಚ್ಚಬೇಕು. ಇವು ಮಾಲೀಕನ ಕರ್ತವ್ಯಗಳು. ಕೊಳವೆಯಿದ್ದರೂ ನೀರು ಬಿಡದ ದಿನಗಳೇ ಹೆಚ್ಚಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಂತಹ ಸಂದರ್ಭದಲ್ಲಿ ಒಬ್ಬನೇ ಹೋಗಿ ಹೇಳುವುದಕ್ಕಿಂತ ಕೆಲಸಗಾರರೆಲ್ಲರೂ ಕೂಡಿ ಮೇಸ್ತ್ರಿಯ ಮುಖಾಂತರ ಕೇಳುವುದು ಲೇಸು. ಕೆಲಸಗಾರನು ತಾನೇ ಮಾಡಬಹುದಾದುದೂ ಇದೆ: ಗಾಳಿ ಬೀಸುವ ದಿಕ್ಕನ್ನು ನೋಡಿ ಧೂಳು ತನ್ನಿಂದ ಆಚೆಗೆ ಹೋಗುವಂತೆ ನಿಲ್ಲುವುದು, ಸಿಡಿಮದ್ದು ಹಾರಿದ ಕೂಡಲೇ ಸ್ಥಳಕ್ಕೆ ನುಗ್ಗದಿರುವುದು, ಒಣ ಧೂಳನ್ನು ಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ ತೆಗೆಯುವುದು, ಕಂಪ್ರೆಸರಿನ ಗಾಳಿಯಿಂದ ಬಟ್ಟೆಯನ್ನು ಊದಿಕೊಳ್ಳದಿರುವುದು.

ಮೂಗಿಗೆ ಕಟ್ಟಿಕೊಳ್ಳುವ ಟವೆಲು ದಪ್ಪ ಧೂಳನ್ನು ಮಾತ್ರ ತಡೆಯಬಲ್ಲದು. ಸೂಕ್ಷ್ಮ ಕಣಗಳು ಅದರ ಎಳೆಗಳ ನಡುವೆ ಸರಾಗವಾಗಿ ನುಸುಳುತ್ತವೆ. ಎನ್-95 ಮುಂತಾದ ಸೂಕ್ತ ಮುಖವಾಡವು ಮುಖಕ್ಕೆ ಸುತ್ತಲೂ ಬಿಗಿಯಾಗಿ ಕೂತಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಡ್ಡವಿದ್ದರೆ ಸಂದಿ ಉಳಿಯುತ್ತದೆ. ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಧರಿಸಿರುವುದು ಸುಲಭವಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಮೊದಲು ನೀರು, ಆಮೇಲೆ ಮುಖವಾಡ.

ಇನ್ನು ಮನೆಯ ವಿಷಯ. ಕೆಲಸದ ಬಟ್ಟೆಯನ್ನು ಸಾಧ್ಯವಾದರೆ ಕೆಲಸದ ಸ್ಥಳದಲ್ಲಿಯೇ ಬದಲಾಯಿಸಿ, ಕೈಕಾಲು ಮುಖ ತೊಳೆದು ಬರಬೇಕು. ಸಾಧ್ಯವಿಲ್ಲದಿದ್ದರೆ ಹೊಸಿಲು ದಾಟುವ ಮುನ್ನವೇ ಆ ಬಟ್ಟೆಯನ್ನು ಕಳಚಿ ನೇರವಾಗಿ ನೀರಿನ ಬಕೆಟ್ಟಿನಲ್ಲಿ ನೆನೆಹಾಕತಕ್ಕದ್ದು. ಅಪ್ಪ ಬಂದನೆಂದು ಓಡಿಬರುವ ಮಗುವನ್ನು ಎತ್ತಿಕೊಳ್ಳುವುದು ಸ್ನಾನದ ಬಳಿಕವಾಗಲಿ. ಗೃಹಿಣಿಯರು ಬಟ್ಟೆಯನ್ನು ಒಗೆಯುವ ಮೊದಲು ಅಂಗಳದಲ್ಲಿ ಕೊಡವುವ ರೂಢಿಯಿದೆ. ಕಲ್ಲಿನ ಧೂಳಿನ ಬಟ್ಟೆಯನ್ನು ಹಾಗೆ ಕೊಡವಕೂಡದು. ಮಕ್ಕಳ ಬಟ್ಟೆಗಳೊಂದಿಗೆ ಸೇರಿಸಿ ಒಗೆಯಲೂಕೂಡದು. ಬೀಡಿ ಸೇದುವವರು ಅದನ್ನು ಬಿಡುವುದು ಅತ್ಯವಶ್ಯಕ. ಸಿಲಿಕದ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಘೋಷಿಸಿದೆ. ಧೂಳಿಗೆ ಹೊಗೆ ಸೇರಿದರೆ ಹಾನಿಯು ಮತ್ತೂ ಹೆಚ್ಚು.

ಗರ್ಭಿಣಿಯು ಜಲ್ಲಿ ಹೊರುವ ಕೆಲಸಕ್ಕೆ ಹೋಗಬಾರದು. ಭಾರವೂ ಧೂಳೂ ಆಕೆಗೆ ಹಿತವಲ್ಲ. ಎಳೆಯ ಕೂಸನ್ನು ಕ್ರಷರಿನ ಬಳಿ ಮಲಗಿಸುವುದು ತಪ್ಪಬೇಕು. ಹದಿನೆಂಟು ವರ್ಷ ತುಂಬದವರನ್ನು ಗಣಿ ಮುಂತಾದ ಅಪಾಯಕರ ಕೆಲಸಗಳಿಗೆ ನೇಮಿಸುವುದನ್ನು ಕಾನೂನು ನಿಷೇಧಿಸಿದೆ. ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಧೂಳಿನ ಮಾತೇಕೆಂದು ಕೇಳಬಹುದು. ದುಡಿಯುವವನು ನಲವತ್ತರ ಹರೆಯದಲ್ಲಿ ಹಾಸಿಗೆ ಹಿಡಿದರೆ, ಒಂದರ ಹಿಂದೆ ಒಂದರಂತೆ ಹುಟ್ಟಿದ ನಾಲ್ಕೈದು ಮಕ್ಕಳ ಹೊಣೆ ತಾಯಿಯೊಬ್ಬಳ ಮೇಲೆ ಬೀಳುತ್ತದೆ. ದೊಡ್ಡ ಮಗನು ಶಾಲೆ ಬಿಟ್ಟು ಅದೇ ಕಲ್ಲುಗಣಿಗೆ ಹೊರಡುತ್ತಾನೆ. ಮಕ್ಕಳ ನಡುವೆ ಅಂತರವಿರಿಸಿ, ಸಾಕಬಲ್ಲಷ್ಟೇ ಮಕ್ಕಳನ್ನು ಪಡೆದ ದಂಪತಿಗಳಿಗೆ, ಧೂಳು ಹೆಚ್ಚಾದ ಕೆಲಸವನ್ನು ಬಿಟ್ಟು ಕೂಲಿ ಕಡಿಮೆಯಾದ ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯವಾದರೂ ಉಳಿದಿರುತ್ತದೆ. ಈ ತೀರ್ಮಾನವನ್ನು ಪತಿಪತ್ನಿಯರು ಕೂಡಿಯೇ ಮಾಡಬೇಕು.

ಸಿಲಿಕೋಸಿಸ್ ರೋಗವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ 1948ರ ಕಾರ್ಖಾನೆಗಳ ಕಾಯಿದೆಯೇ ಸೇರಿಸಿತ್ತು. ಆ ಕಾಯಿದೆಯನ್ನೂ 1952ರ ಗಣಿಗಳ ಕಾಯಿದೆಯನ್ನೂ ಒಳಗೊಂಡು ರಚಿತವಾದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ; ಅದರಲ್ಲಿಯೂ ಈ ರೋಗದ ಹೆಸರಿದೆ. ನಿಯಮಗಳಲ್ಲಿ ಹೇಳಿದ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಪ್ರತಿವರ್ಷ ಉಚಿತವಾಗಿ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕನ ಹೊಣೆ. ಕೆಲಸದಿಂದ ಬಂದ ರೋಗಕ್ಕೆ ಪರಿಹಾರ ಕೇಳುವ ಹಕ್ಕೂ ಕಾರ್ಮಿಕನಿಗಿದೆ. ರಾಜಸ್ಥಾನ ಸರ್ಕಾರವು 2019ರಲ್ಲಿ ಇಂತಹ ರೋಗಿಗಳ ನೆರವಿಗಾಗಿಯೇ ಒಂದು ನೀತಿಯನ್ನು ರೂಪಿಸಿತು.

ಆದರೆ ಹಕ್ಕನ್ನು ಕೇಳಲು ಆಧಾರ ಬೇಕು. ಕಲ್ಲಿನ ಕೆಲಸವು ಬಹುಮಟ್ಟಿಗೆ ಬಾಯಿಮಾತಿನ ಕೆಲಸ. ಇಂದು ಈ ಊರಿನಲ್ಲಿ, ನಾಳೆ ಇನ್ನೊಂದು ಊರಿನಲ್ಲಿ. ಹತ್ತು ವರ್ಷಗಳ ಅನಂತರ ರೋಗ ಕಾಣಿಸಿಕೊಂಡಾಗ ತನ್ನ ಬಳಿ ದುಡಿದವನೇ ಅಲ್ಲವೆಂದು ಮಾಲೀಕನು ಹೇಳಿದರೆ ತೋರಿಸಲು ಚೀಟಿಯೊಂದೂ ಇರುವುದಿಲ್ಲ. ಆದುದರಿಂದ ಒಂದು ನೋಟ್ ಪುಸ್ತಕದಲ್ಲಿ ಯಾವ ವರ್ಷ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಊರಿನ ಯಾವ ಕ್ರಷರಿನಲ್ಲಿ, ಯಾವ ಮೇಸ್ತ್ರಿಯ ಕೈಕೆಳಗೆ, ಎಂತಹ ಕೆಲಸ ಎಂಬುದನ್ನು ಬರೆದಿಡಬೇಕು. ಪತಿಗೆ ಬರೆಯಲು ಬಾರದಿದ್ದರೆ ಪತ್ನಿಯೋ ಶಾಲೆಗೆ ಹೋಗುವ ಮಗಳೋ ಬರೆಯಲಿ. ಬಟವಾಡೆಯ ಚೀಟಿ, ಹಾಜರಿ ಕಾರ್ಡು, ಬ್ಯಾಂಕಿಗೆ ಕೂಲಿ ಜಮೆಯಾಗಿದ್ದರೆ ಅದರ ಪಾಸ್‌ಬುಕ್ಕು ಇವನ್ನು ಎಸೆಯಬಾರದು. ಕೆಲಸಕ್ಕೆ ಸೇರುವಾಗಲೇ ಎದೆಯ ಎಕ್ಸ್-ರೇ ಒಂದನ್ನು ತೆಗೆಸಿ, ಮುಂದೆ ವೈದ್ಯರು ಹೇಳಿದ ಅವಧಿಗೊಮ್ಮೆ ತೆಗೆಸಿದ ಚಿತ್ರಗಳನ್ನೂ ಅದರೊಂದಿಗೆ ಜೋಡಿಸಿಡಬೇಕು. ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವೈದ್ಯರಿಗೆ ರೋಗದ ಆರಂಭವು ಬೇಗ ಗೊತ್ತಾಗುತ್ತದೆ. ಎಕ್ಸ್-ರೇ ಫಿಲ್ಮನ್ನು ಮಡಿಸಕೂಡದು. ಒಲೆಯ ಹೊಗೆಗೂ ಸೋರುವ ಮಾಡಿನ ತೇವಕ್ಕೂ ದೂರವಾಗಿ, ಅದರ ಲಕೋಟೆಯಲ್ಲಿಯೇ ಇರಿಸಿ, ಪಡಿತರ ಚೀಟಿಯನ್ನೂ ಜಮೀನಿನ ಕಾಗದಗಳನ್ನೂ ಇಡುವ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇಡಬೇಕು.