ನಂದಿ ತಪ್ಪಲಿನ ಕೆಂಪು ವೈನ್

ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ದ್ರಾಕ್ಷಿ ತೋಟಗಳಿವೆ. ಕನ್ವಲ್ ಗ್ರೋವರ್ 1988ರಲ್ಲಿ ಈ ಸಂಸ್ಥೆ ಕಟ್ಟಿದಾಗ ಜೊತೆಗಿದ್ದವರು ಫ್ರಾನ್ಸಿನ ಜಾರ್ಜ್ ವೆಸೆಲ್. ಷಾಂಪೇನ್ ಸೀಮೆಯ ಬೂಜಿ ಅವರ ಊರು. ಸುತ್ತಲೂ ನೊರೆಯುಕ್ಕುವ ಬಿಳಿ ವೈನಿಗೇ ಹೆಸರಾದ ಆ ಸೀಮೆಯಲ್ಲಿ, ಪಿನೋ ನ್ವಾರ್ ತಳಿಯಿಂದ ಕೆಂಪು ವೈನನ್ನೂ ಮಾಡುವ ಹಳ್ಳಿ ಅದು.

ಬೂಜಿಯಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆಹೋಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಬಳ್ಳಿಗೆ ಬಿಡುವು ಕತ್ತರಿಯಿಂದಲೇ ಸಿಗಬೇಕು. ಹಾಗಾಗಿ ವರ್ಷಕ್ಕೆ ಎರಡು ಬಾರಿ ಸವರುತ್ತಾರೆ. ವಿಜಯಪುರದ ರೈತರು ಇದನ್ನೇ ಚಾಟನಿ ಎನ್ನುತ್ತಾರೆ. ಬೇಸಿಗೆಯ ಚಾಟನಿ ಕಡ್ಡಿ ಬಲಿಯಲು, ಮಳೆಗಾಲ ಮುಗಿಯುವಾಗಿನ ಚಾಟನಿ ಹಣ್ಣಿಗೆ. ಕೊಯ್ಲು ಬೇಸಿಗೆಯ ಹೊಸ್ತಿಲಲ್ಲಿ. ಹಗಲಿನ ಬಿಸಿಲು ಸಕ್ಕರೆ ಕೂಡಿಸುತ್ತದೆ, ಎತ್ತರದ ನೆಲದ ತಂಪು ರಾತ್ರಿ ಹುಳಿ ಕಳೆದುಹೋಗದಂತೆ ಕಾಯುತ್ತದೆ.

ಕಪ್ಪು ದ್ರಾಕ್ಷಿಯನ್ನು ಹಿಚುಕಿದರೆ ಬರುವ ರಸಕ್ಕೆ ಹೆಚ್ಚು ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯದು. ಸಿಪ್ಪೆ, ಬೀಜದ ಸಮೇತ ಹುದುಗು ಬರಿಸಿದಾಗಲೇ ಕೆಂಪೂ ಒಗರೂ ರಸಕ್ಕಿಳಿಯುತ್ತವೆ. ಇಲ್ಲಿನ ಹೆಸರಾಂತ ಕೆಂಪು ವೈನ್ ‘ಲಾ ರಿಸರ್ವ್’, ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ತಳಿಗಳ ಮಿಶ್ರಣ. ಓಕ್ ಪೀಪಾಯಿಯಲ್ಲಿ ಮಾಗುತ್ತದೆ. ಬೋರ್ಡೋದ ಪ್ರಸಿದ್ಧ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದದ್ದು ಅದರ ಹದಕ್ಕೆ ನೆರವಾಯಿತು.

ಬೆಂಗಳೂರು ಬ್ಲೂ ಈ ಭಾಗದ ಹಳೆಯ ದ್ರಾಕ್ಷಿ. ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಉತ್ತಮ ಕೆಂಪು ವೈನಿಗೆ ಫ್ರೆಂಚ್ ತಳಿಗಳೇ ಮೇಲು.